ಅದುರು ಎಲ್ಲಿಂದ ಬರುತ್ತಿದೆ?

ನಮ್ಮ ಮಕ್ತಬಿನ ಕೋಣೆಯ ಫ್ಯಾನಿನ ಒಂದು ರೆಕ್ಕೆಯ ಮೇಲೆ ಹಳೆಯ ಎಂಟಾಣೆಯ ನಾಣ್ಯವೊಂದನ್ನು ಟೇಪಿನಿಂದ ಅಂಟಿಸಿದ್ದಾರೆ. ನನಗಿಂತ ಮುಂಚೆ ಇಲ್ಲಿ ಪಾಠ ಹೇಳುತ್ತಿದ್ದ ಹಿರಿಯರು ಅಂಟಿಸಿದ್ದಂತೆ. ಅದರ ಕೆಳಗೆ ಕುಳಿತು ಹನ್ನೆರಡು ವರ್ಷಗಳಿಂದ ಮಕ್ಕಳಿಗೆ ಕಾಯಿದಾ ಹೇಳಿಕೊಡುತ್ತಿದ್ದೇನೆ. ಒಮ್ಮೆಯೂ ಅದು ಅಲ್ಲಿ ಏಕಿದೆ ಎಂದು ಕೇಳಿಕೊಂಡವನಲ್ಲ. ಯಾರೋ ಹುಡುಗರ ಕಿತಾಪತಿ ಇರಬೇಕೆಂದೇ ಎಣಿಸಿದ್ದೆ. ಕಳೆದ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗ ಅಲ್ಲಿಗೆ ಬಂದವನು ತಲೆಯೆತ್ತಿ ನೋಡಿ, "ಮಾಮು, ಇದನ್ನು ಅಂಟಿಸಿದವರು ಕೆಲಸ ಬಲ್ಲವರು" ಎಂದ. ಅಲುಗಾಡುವ ಫ್ಯಾನಿನ ಹಗುರವಾದ ರೆಕ್ಕೆಗೆ ಅಷ್ಟು ತೂಕ ಕೂಡಿಸಿ ಅದನ್ನು ಸಮಕ್ಕೆ ತಂದಿದ್ದರಂತೆ. ಕಿತಾಪತಿಯೆಂದು ನಾನು ಎಣಿಸಿದ್ದು ಒಬ್ಬರ ಉಪಕಾರವಾಗಿತ್ತು. ಆ ತಿಂಗಳು ನನಗೆ ಇಂತಹ ಪಾಠಗಳೇ ಕಾದಿದ್ದವು.

ಅಳಿಯ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ದುಡಿಯಬೇಕೆಂಬುದು ಅವನ ಕನಸು. ಟ್ಯೂಷನ್ ಹೇಳಿ ಕೂಡಿಟ್ಟ ಹಣದಿಂದ, ಯಾರೋ ಬಳಸಿ ಬಿಟ್ಟಿದ್ದ ರೇಡಿಯೋ ನಿಯಂತ್ರಿತ ಮಾದರಿ ಹೆಲಿಕಾಪ್ಟರೊಂದನ್ನು ಕೊಂಡಿದ್ದ. ತಂದೆ ಕಂಡರೆ ಬೈಯುತ್ತಾರೆಂದು ಅದನ್ನು ರಜೆಗೆ ಹೊಸಬಾಳೆಗೆ, ನಮ್ಮ ಮನೆಗೆ ತಂದ. ಆಟಿಕೆ ಎಂದು ನಾನು ನಕ್ಕೆ. ಅದು ಆಟಿಕೆಯಲ್ಲ. ಆ ಜಾತಿಯ ಮಾದರಿಗಳನ್ನು 450ರ ಅಳತೆಯವು ಎನ್ನುತ್ತಾರೆ. ಮೇಲಿನ ರೆಕ್ಕೆಗಳು ಸುತ್ತುವ ವೃತ್ತದ ಅಗಲ ಸುಮಾರು 70 ಸೆಂಟಿಮೀಟರ್, ತೂಕ ಒಂದು ಕಿಲೋಗಿಂತ ಕಡಿಮೆ. ರೆಕ್ಕೆಗಳು ನಿಮಿಷಕ್ಕೆ 2,400 ಸುತ್ತು ತಿರುಗುವಾಗ ತುದಿಯ ವೇಗ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು. ಲೆಕ್ಕ ಹಾಕಿ ತೋರಿಸಿದ ಮೇಲೆ ನಾನು ನಗುವುದನ್ನು ನಿಲ್ಲಿಸಿ, ಮಕ್ಕಳನ್ನು ಅದರಿಂದ ದೂರವಿಡಲು ತೊಡಗಿದೆ.

ಒಂದು ಶುಕ್ರವಾರ ಜುಮಾ ನಮಾಜಿನ ನಂತರ, ಕೊಯ್ಲು ಮುಗಿದು ಒಣಗಿದ್ದ ಗದ್ದೆಯಲ್ಲಿ ಅದನ್ನು ಹಾರಿಸಿದೆವು. ನೆಲದಿಂದ ಎರಡಾಳು ಎತ್ತರಕ್ಕೆ ಏರಿ, ಗಾಳಿಯಲ್ಲಿ ಮೊಳೆ ಹೊಡೆದು ನಿಲ್ಲಿಸಿದಂತೆ ನಿಂತಿತು. ಮಕ್ಕಳು ದೂರದ ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು. ಅಳಿಯ ಗೆಳೆಯರೊಡನೆ ಅಲ್ಲಿಯೇ ಉಳಿದ. ಅಸರ್ ಹೊತ್ತಾಗಿತ್ತಾದ್ದರಿಂದ ನಾನೇ ಮಾದರಿಯನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಬಂದು ಮಕ್ತಬಿನ ಪಕ್ಕದ ಕೋಣೆಯ ಮೇಜಿನ ಮೇಲೆ ಇಟ್ಟೆ.

ಮರುದಿನ ಸಂಜೆ ಆ ಕೋಣೆಗೆ ಹೋದಾಗ ಹನ್ನೊಂದು ವರ್ಷದ ನಮ್ಮ ವಿದ್ಯಾರ್ಥಿಯೊಬ್ಬ ಮೇಜಿನ ಬಳಿ ನಿಂತು ರೆಕ್ಕೆಯನ್ನು ಬೆರಳಿನಿಂದ ಮೆಲ್ಲನೆ ತಿರುಗಿಸುತ್ತಿದ್ದ. ನನ್ನನ್ನು ಕಂಡವನೇ ಬೆಚ್ಚಿ ಹೊರಗೋಡಿದ. ಭಾನುವಾರ ಹಾರಿಸಲು ಹೊರಟರೆ ಯಂತ್ರ ನೆಲ ಬಿಡುವ ಮುನ್ನವೇ ಜ್ವರ ಬಂದವರಂತೆ ನಡುಗಿತು. ಬಾಲ ಎಡಕ್ಕೂ ಬಲಕ್ಕೂ ಬಡಿದುಕೊಂಡಿತು. ಅಳಿಯ ಕೂಡಲೇ ನಿಲ್ಲಿಸಿದ.

ನನಗೆ ಕಾರಣವನ್ನು ಹುಡುಕುವ ಅಗತ್ಯವೇ ಕಾಣಲಿಲ್ಲ. ಅಂದು ಸಂಜೆ ಎಲ್ಲ ಮಕ್ಕಳ ಮುಂದೆ ಆ ಹುಡುಗನನ್ನು ಎಬ್ಬಿಸಿ, "ಬೀಳಿಸಿದೆಯಾ?" ಎಂದು ಕೇಳಿದೆ. "ಇಲ್ಲ ಹಜ್ರತ್, ಬರೀ ತಿರುಗಿಸಿದೆ" ಎಂದ. "ಹಾಗಾದರೆ ಓಡಿದ್ದೇಕೆ?" ಎಂದೆ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಹನ್ನೊಂದು ವರ್ಷದವನಲ್ಲಿ ಇರುವುದೂ ಇಲ್ಲ. ಸುಳ್ಳು ಹೇಳುವವನು ಪಾಠಕ್ಕೆ ಕೂರುವುದು ಬೇಡವೆಂದು ಮಗ್ರಿಬ್‌ವರೆಗೆ ಬಾಗಿಲ ಬಳಿ ನಿಲ್ಲಿಸಿದೆ. ಮರುದಿನದಿಂದ ಅವನು ಬರಲಿಲ್ಲ. ತಂದೆಯಿಲ್ಲದ ಮನೆ, ತಾಯಿ ಅಡಿಕೆ ಸುಲಿಯಲು ಹೋಗುತ್ತಾರೆ. ಬಾರದಿದ್ದರೆ ಹೋಗಿ ಕೇಳುವವರು ಯಾರು? ನಾನೇ ಕೇಳಬೇಕಿತ್ತು, ಕೇಳಲಿಲ್ಲ. ಅವನ ಗೈರುಹಾಜರಿಯೇ ಅವನ ತಪ್ಪೊಪ್ಪಿಗೆ ಎಂದುಕೊಂಡೆ.

ಅಳಿಯನಿಗೆ ಮಾತ್ರ ಈ ತೀರ್ಪು ರುಚಿಸಲಿಲ್ಲ. "ಬಿದ್ದಿದ್ದರೆ ಕಾಲುಪಟ್ಟಿ ಮುರಿಯಬೇಕಿತ್ತು, ಬಾಲದ ರೆಕ್ಕೆ ಸೀಳಬೇಕಿತ್ತು. ಏನೂ ಆಗಿಲ್ಲ. ಮೊದಲು ನೋಡೋಣ ಮಾಮು" ಎಂದ. ಹಾಗೆ ನೋಡುವುದಕ್ಕೆ ಒಂಬತ್ತು ದಿನ ಹಿಡಿಯಿತು.

ಮೊದಲ ಸಲಹೆ ಬಂದದ್ದು ನಮ್ಮಲ್ಲಿ ಪಂಪ್‌ಸೆಟ್ಟು, ಟಿಲ್ಲರುಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರಿಂದ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಬೇರಿಂಗಿನ ಸದ್ದು ಕೇಳುವವರು ಅವರು. ಹೆಲಿಕಾಪ್ಟರನ್ನು ಅವರು ಮುಟ್ಟಲೂ ಇಲ್ಲ. "ಅದುರುತ್ತದೋ, ನಡುಗುತ್ತದೋ, ತೂಗುತ್ತದೋ?" ಎಂದಷ್ಟೇ ಕೇಳಿದರು. ಕನ್ನಡದಲ್ಲಿ ಪದವಿ ಪಡೆದವನಾದ ನನಗೆ ಈ ಮೂರು ಕ್ರಿಯಾಪದಗಳ ವ್ಯತ್ಯಾಸವನ್ನು ಯಾವ ತರಗತಿಯಲ್ಲೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ನಾವು ಎಲ್ಲವನ್ನೂ ಸೇರಿಸಿ ಕಂಪನ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ.

ವ್ಯತ್ಯಾಸಕ್ಕೆ ಲೆಕ್ಕವೂ ಇದೆ. ಮೇಲಿನ ರೆಕ್ಕೆಗಳು ನಿಮಿಷಕ್ಕೆ 2,400 ಸುತ್ತು ಎಂದರೆ ಸೆಕೆಂಡಿಗೆ 40. ಬಾಲದ ಪುಟ್ಟ ರೆಕ್ಕೆಗಳು ಅದರ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ವೇಗದಲ್ಲಿ, ಸೆಕೆಂಡಿಗೆ ಸುಮಾರು 170 ಸುತ್ತುತ್ತವೆ. ಮೋಟಾರಿನ ಗೇರಿಗೆ 13 ಹಲ್ಲು, ಅದು ತಿರುಗಿಸುವ ದೊಡ್ಡ ಗೇರಿಗೆ 150. ಹಾಗಾಗಿ ಮೋಟಾರು ಸೆಕೆಂಡಿಗೆ 460ಕ್ಕೂ ಹೆಚ್ಚು ಸುತ್ತಬೇಕು. ಯಾವ ಭಾಗ ಸಮತೂಕ ತಪ್ಪಿದೆಯೋ ಆ ಭಾಗದ ವೇಗದಲ್ಲಿಯೇ ಯಂತ್ರವೂ ಅಲುಗುತ್ತದೆ. ಮೋಟಾರಿನ ದೋಷ ಕೈಗೆ ಜುಮ್ಮೆನ್ನುವ ಸಣ್ಣ ಅದುರಾಗಿ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಾಲದ ದೋಷದಿಂದ ಬಾಲದ ತುದಿಯ ಅಂಚು ಮಸುಕಾಗಿ ಕಾಣುತ್ತದೆ. ಮೇಲಿನ ರೆಕ್ಕೆಯ ದೋಷ ಇಡೀ ದೇಹವನ್ನೇ ಕುಲುಕುತ್ತದೆ. ನಮ್ಮದು ಕುಲುಕಾಟ.

ಆದರೂ ಅಳಿಯ ಊಹೆಯ ಮೇಲೆ ನಡೆಯಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವನ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯುವುದಿಲ್ಲ. ಮೊದಲು ಮೇಲಿನ ರೆಕ್ಕೆಗಳನ್ನೂ ಬಾಲದ ರೆಕ್ಕೆಗಳನ್ನೂ ಕಳಚಿ, ಯಂತ್ರವನ್ನು ಹಲಗೆಗೆ ಬಿಗಿದು ಓಡಿಸಿದ. ಕುಲುಕಾಟ ಬಹುಪಾಲು ನಿಂತಿತು. ಮೋಟಾರನ್ನು ದೊಡ್ಡ ಗೇರಿನಿಂದ ಸರಿಸಿ ಒಂಟಿಯಾಗಿ ಓಡಿಸಿದ, ಶುದ್ಧವಾಗಿತ್ತು. ಬಾಲದ ರೆಕ್ಕೆಗಳನ್ನು ಮಾತ್ರ ಮರಳಿ ಜೋಡಿಸಿ ಓಡಿಸಿದ, ಅಲ್ಲಿಯೂ ದೊಡ್ಡ ದೋಷವಿರಲಿಲ್ಲ. ಮೇನ್ ಶಾಫ್ಟನ್ನು ತೆಗೆದು ಕನ್ನಡಿಯ ಗಾಜಿನ ಮೇಲೆ ಉರುಳಿಸಿದ. ಬಾಗಿದ್ದರೆ ಕಡ್ಡಿ ಮತ್ತು ಗಾಜಿನ ನಡುವೆ ಬೆಳಕಿನ ಗೆರೆಯೊಂದು ಕಾಣಿಸಿ ಮಾಯವಾಗುತ್ತದೆ. ಕಾಣಲಿಲ್ಲ. ಒಂದೊಂದು ಭಾಗ ನಿರ್ದೋಷಿಯೆಂದು ಹೊರಬರುತ್ತಿದ್ದಾಗ ಬಾಗಿಲ ಬಳಿ ನಿಲ್ಲಿಸಿದ್ದ ಹುಡುಗನ ನೆನಪು ನನಗಾಯಿತು. ಅವನ ವಿಚಾರಣೆಗೆ ನಾನು ಕೊಟ್ಟ ಸಮಯ ಎರಡು ನಿಮಿಷ.

ಇನ್ನು ರೆಕ್ಕೆಗಳ ಸರದಿ. ಎರಡನ್ನೂ ಒಂದೊಂದಾಗಿ ದುಂಡನೆಯ ಪೆನ್ಸಿಲಿನ ಮೇಲೆ ಅಡ್ಡಲಾಗಿ ಇಟ್ಟು, ಯಾವ ಬಿಂದುವಿನಲ್ಲಿ ಸಮವಾಗಿ ನಿಲ್ಲುತ್ತವೆಂದು ಗುರುತು ಹಾಕಿದೆವು. ಬರೀ ತೂಕ ಸಮವಿದ್ದರೆ ಸಾಲದು, ತೂಕ ನಿಂತಿರುವ ಜಾಗವೂ ಸಮವಿರಬೇಕು. ಶಿರಾಳಕೊಪ್ಪದ ಅಕ್ಕಸಾಲಿಗರೊಬ್ಬರ ಅಂಗಡಿಗೆ ಹೋಗಿ ಚಿನ್ನದ ತಕ್ಕಡಿಯಲ್ಲಿ ತೂಗಿಸಿದೆವು. ಗಡ್ಡದ ಮೌಲ್ವಿಯೊಬ್ಬ ಪ್ಲಾಸ್ಟಿಕ್ ಪಟ್ಟಿಯಂತಹ ವಸ್ತುವನ್ನು ಚಿನ್ನದ ತಕ್ಕಡಿಯಲ್ಲಿಟ್ಟದ್ದನ್ನು ಕಂಡು ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ವ್ಯತ್ಯಾಸ ಒಂದು ಗ್ರಾಮಿನ ಮೂರನೆಯ ಒಂದು ಪಾಲಿನಷ್ಟಿತ್ತು. ಇಷ್ಟಕ್ಕೆ ಯಂತ್ರ ಕುಲುಕುವುದೇ? ಅಳಿಯ ಕಾಗದದ ಮೇಲೆ ಲೆಕ್ಕ ಮಾಡಿದ. ಕೇಂದ್ರದಿಂದ 30 ಸೆಂಟಿಮೀಟರ್ ದೂರದಲ್ಲಿ 1 ಗ್ರಾಂ ಹೆಚ್ಚಿದ್ದರೆ, ನಿಮಿಷಕ್ಕೆ 2,400 ಸುತ್ತಿನಲ್ಲಿ ಅದು ಸುಮಾರು ಎರಡು ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ, ಅದೂ ಸೆಕೆಂಡಿಗೆ ನಲವತ್ತು ಸಲ ದಿಕ್ಕು ಬದಲಿಸುತ್ತ. ಒಂದು ಕಿಲೋ ತೂಗದ ಯಂತ್ರವನ್ನು ಎರಡು ಕಿಲೋ ಬಲ ಜಗ್ಗಿದರೆ ಏನಾಗಬೇಕು?

ಇಲ್ಲಿ ಒಂದು ಮಾತನ್ನು ಸೇರಿಸದೆ ಇರಲಾರೆ. ನಮ್ಮ ಮದರಸಗಳಲ್ಲಿ ಅರಬಿ ಪದರಚನೆ ಕಲಿಸುವ ಮೊದಲ ಪುಸ್ತಕದ ಹೆಸರೇ ಮೀಜಾನ್, ಅಂದರೆ ತಕ್ಕಡಿ. ಪದಗಳನ್ನು ವಜ್ನ್‌ಗೆ ತೂಗಿ ನೋಡುವುದನ್ನು ನಾವು ಹದಿಮೂರನೆಯ ವಯಸ್ಸಿನಲ್ಲೇ ಕಲಿತವರು. ಆದರೆ ಕಬ್ಬಿಣವನ್ನೂ ಮರವನ್ನೂ ಹಾಗೆಯೇ ತೂಗಿದ ನಮ್ಮ ಪೂರ್ವಿಕರ ಪರಿಚಯ ನಮಗಾಗಲಿಲ್ಲ. ದಿಯಾರ್‌ಬಕ್ರ್‌ನ ಅರ್ತುಕಿ ಆಸ್ಥಾನದಲ್ಲಿದ್ದ ಅಲ್ ಜಜರಿ 1206ರಲ್ಲಿ ಐವತ್ತು ಯಂತ್ರಗಳ ರಚನೆಯನ್ನು ವಿವರಿಸುವ ಗ್ರಂಥವನ್ನು ಮುಗಿಸಿದರು. 1974ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಡೊನಾಲ್ಡ್ ಹಿಲ್, ಚಕ್ರಗಳನ್ನು ನಿಂತ ಸ್ಥಿತಿಯಲ್ಲಿ ಸಮತೂಕಗೊಳಿಸುವ ಕ್ರಮ ಅದರಲ್ಲಿರುವುದನ್ನು ಎತ್ತಿ ಹೇಳಿದ್ದಾರೆ. ಅಚ್ಚಿನ ಮೇಲೆ ಸರಾಗವಾಗಿ ತಿರುಗುವ ಚಕ್ರವನ್ನು ತಳ್ಳದೆ ಬಿಟ್ಟರೆ ಭಾರವಾದ ಭಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಎಲ್ಲಿ ನಿಲ್ಲಿಸಿದರೂ ಅಲ್ಲಿಯೇ ನಿಲ್ಲುವವರೆಗೆ ತಿದ್ದಬೇಕು. ನಮ್ಮ ಅಳಿಯ ಮಾಡಿದ್ದೂ ಇದನ್ನೇ. ಎರಡು ರೆಕ್ಕೆಗಳನ್ನು ಬುಡದಲ್ಲಿ ಒಂದೇ ಬೋಲ್ಟಿನಿಂದ ಸೇರಿಸಿ, ಬೋಲ್ಟನ್ನು ಎರಡು ಗಾಜಿನ ಲೋಟಗಳ ಅಂಚಿನ ಮೇಲೆ ಇರಿಸಿ, ಮೇಲೇರಿದ ರೆಕ್ಕೆಗೆ ಕೆಂಪು ಟೇಪಿನ ತುಣುಕು ಅಂಟಿಸುತ್ತ ಹೋದ. ಎಂಟಾಣೆ ನಾಣ್ಯದ ಹಿರಿಯರಿಗೂ ಅಲ್ ಜಜರಿಯವರಿಗೂ ನಡುವೆ ನಂಟೊಂದು ಇದ್ದಂತಾಯಿತು.

ಟೇಪು ಅಂಟಿಸಿದ ಮೇಲೆ ಕುಲುಕಾಟ ಕಡಿಮೆಯಾಯಿತು. ಹೋಗಲಿಲ್ಲ.

ದೋಷ ಹುಡುಕುವವನನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಈ ಹಂತವೇ. ಇಷ್ಟಾಯಿತಲ್ಲ, ಸಾಕು ಎನಿಸುತ್ತದೆ. ಅಳಿಯನ ಗೆಳೆಯನೊಬ್ಬ ಫೋನಿನಲ್ಲಿ ಸುಲಭದ ದಾರಿ ಹೇಳಿದ. ಬಾಲವನ್ನು ಅಂಕೆಯಲ್ಲಿಡುವ ಜೈರೋ ಎಂಬ ಪುಟ್ಟ ಪೆಟ್ಟಿಗೆ ಕಂಪನದಿಂದ ಗೊಂದಲಗೊಂಡೇ ಬಾಲ ಬಡಿಯುತ್ತದೆ, ಅದರ ಕೆಳಗೆ ದಪ್ಪ ಸ್ಪಂಜಿನ ಟೇಪು ಹಾಕಿದರೆ ಬಾಲ ಸುಮ್ಮನಾಗುತ್ತದೆ ಎಂದು. ನಿಜ, ಸುಮ್ಮನಾಗುತ್ತದೆ. ಆದರೆ ಅದುರು ಅಲ್ಲಿಯೇ ಉಳಿದು ಒಂದು ದಿನ ಯಾವುದೋ ತಿರುಪನ್ನು ಸಡಿಲಿಸಿ, ಗಂಟೆಗೆ 300 ಕಿಲೋಮೀಟರ್ ವೇಗದ ರೆಕ್ಕೆಯನ್ನು ಬದುವಿನ ಮೇಲಿನ ಮಕ್ಕಳತ್ತ ಕಳಿಸಬಹುದು. ಜೈರೋ ಅಲ್ಲಿ ಸಾಕ್ಷಿ ಹೇಳುತ್ತಿತ್ತು. ಸಾಕ್ಷಿಯ ಬಾಯಿ ಮುಚ್ಚಿಸುವುದು ಬೇಡವೆಂದೆ. ಹೀಗೆಂದಾಗ ನನಗೆ ನನ್ನ ಮಾತೇ ಚುಚ್ಚಿತು.

ಕಂಪನವನ್ನು ತಡೆಯುವ ಮೆತ್ತೆಗಳು ತಪ್ಪೆಂದು ಇದರರ್ಥವಲ್ಲ. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ಧ್ರುವ್ ಹೆಲಿಕಾಪ್ಟರಿನಲ್ಲಿಯೂ ಗೇರ್‌ಬಾಕ್ಸಿಗೂ ಒಡಲಿಗೂ ನಡುವೆ ಕಂಪನವನ್ನು ತಡೆಹಿಡಿಯುವ ಜೋಡಣೆಯಿದೆ. ರೆಕ್ಕೆ ತಿರುಗುವ ಯಂತ್ರದಲ್ಲಿ ಸ್ವಲ್ಪ ಅದುರು ಸಹಜ. ಮೊದಲು ಸಮತೂಕ ಮಾಡಬೇಕು, ಆಮೇಲೂ ಉಳಿದದ್ದಕ್ಕೆ ಮೆತ್ತೆ. ಸಮತೂಕದ ಬದಲಿಗೆ ಮೆತ್ತೆಯಲ್ಲ.

ತೂಕ ಸರಿಯಿದ್ದರೂ ಎರಡು ರೆಕ್ಕೆಗಳು ಒಂದೇ ದಾರಿಯಲ್ಲಿ ಸುತ್ತದೆ ಹೋಗಬಹುದು. ಒಂದು ತುಸು ಮೇಲೆ, ಇನ್ನೊಂದು ಕೆಳಗೆ. ಇದನ್ನು ಟ್ರ್ಯಾಕಿಂಗ್ ಎನ್ನುತ್ತಾರೆ. ದೊಡ್ಡ ಹೆಲಿಕಾಪ್ಟರುಗಳಲ್ಲಿ ಹಿಂದೆ ರೆಕ್ಕೆಗಳ ತುದಿಗೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣ ಬಳಿದು, ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ತಿರುಗುವ ತುದಿಗಳಿಗೆ ಮೆಲ್ಲನೆ ತಾಗಿಸುತ್ತಿದ್ದರಂತೆ. ಬಟ್ಟೆಯ ಮೇಲೆ ಬಣ್ಣಗಳು ಎಷ್ಟು ದೂರ ಬಿದ್ದವೋ ಅಷ್ಟು ತಪ್ಪು. ಆ ಧೈರ್ಯ ನಮಗಿರಲಿಲ್ಲ. ಒಂದು ರೆಕ್ಕೆಯ ತುದಿಯಲ್ಲಿ ಕೆಂಪು ಟೇಪು ಹೇಗೂ ಇತ್ತು. ದೂರದ ಗೋಡೆಯ ಮರೆಯಿಂದ, ರೆಕ್ಕೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ ಕೆಂಪು ಗೆರೆ ಕಪ್ಪು ಗೆರೆಗಿಂತ ಮೇಲೆ ಓಡುತ್ತಿತ್ತು. ಲಿಂಕಿನ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿದಾಗ ಎರಡೂ ಒಂದಾದವು. ಆದರೆ ನಿಲ್ಲಿಸಿ ಮತ್ತೆ ಓಡಿಸಿದರೆ ಮತ್ತೆ ಬೇರೆಯಾದವು. ಮೂರು ಸಲ ಸರಿಪಡಿಸಿದೆವು, ಮೂರು ಸಲವೂ ತಪ್ಪಿತು. ಸರಿಪಡಿಸಿದ್ದು ನಿಲ್ಲುತ್ತಿಲ್ಲವೆಂದರೆ ನಾವು ತಿದ್ದುತ್ತಿರುವ ಜಾಗ ಬೇರೆ, ತಪ್ಪಿರುವ ಜಾಗ ಬೇರೆ ಎಂದ ಅಳಿಯ.

ಎರಡೂ ರೆಕ್ಕೆಗಳ ಹಿಡಿಗಳನ್ನು ರೋಟರಿನ ತಲೆಯ ಮೂಲಕ ಪೋಣಿಸುವ ಚಿಕ್ಕ ಉಕ್ಕಿನ ಕಡ್ಡಿಯೊಂದಿದೆ, ಸ್ಪಿಂಡಲ್ ಎನ್ನುತ್ತಾರೆ. ಹೊರಗಿನಿಂದ ಕಾಣುವುದಿಲ್ಲ. ಅದನ್ನು ಹೊರತೆಗೆದು ಗಾಜಿನ ಮೇಲೆ ಉರುಳಿಸಿದಾಗ ಬೆಳಕಿನ ಗೆರೆ ಕಾಣಿಸಿತು, ಮಾಯವಾಯಿತು, ಮತ್ತೆ ಕಾಣಿಸಿತು. ಬಾಗಿತ್ತು.

"ಬೀಳದೆ ಇದು ಹೇಗೆ ಬಾಗುತ್ತದೆ?" ಎಂದು ಅಳಿಯ ಹಿಡಿಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಒಂದು ಹಿಡಿಯ ಮೇಲೆ ಕಪ್ಪು ಗೆರೆಯಿತ್ತು. ಮೊದಲ ದಿನವೇ ಅದನ್ನು ಕಂಡು ಬೇರಿಂಗಿನ ಗ್ರೀಸ್ ಎಂದು ಬಿಟ್ಟಿದ್ದೆವು. ಈಗ ಉಗುರಿನಿಂದ ಕೆರೆದ. ಗ್ರೀಸ್ ಅಲ್ಲ, ರಬ್ಬರು. "ಮಾಮು, ಮೇಲಿನಿಂದ ಏನೋ ಬಲವಾಗಿ ಬಿಗಿದು ಜಗ್ಗಿದೆ."

ನನ್ನ ಬೈಕಿನ ಹಿಂದೆ ಸದಾ ಒಂದು ಹಳೆಯ ಟ್ಯೂಬಿನ ಪಟ್ಟಿ ಇರುತ್ತದೆ. ಅಕ್ಕಿ ಮೂಟೆ, ಪುಸ್ತಕದ ಕಟ್ಟು, ಎಲ್ಲವನ್ನೂ ಅದರಿಂದಲೇ ಬಿಗಿಯುವುದು. ಶುಕ್ರವಾರ ಗದ್ದೆಯಿಂದ ಬರುವಾಗ ಗೋಣಿಚೀಲದ ಮೇಲೆ ಆ ಪಟ್ಟಿಯನ್ನು ಮೊಣಕಾಲು ಕೊಟ್ಟು ಎಳೆದು ಬಿಗಿದಿದ್ದೆ. ಗೋಣಿಯ ತೂತಿನಿಂದ ಹಿಡಿಯ ಒಂದು ತುದಿ ಹೊರಬಂದಿದ್ದು ಕಂಡೂ, ಬೀಳದಿದ್ದರೆ ಸಾಕೆಂದುಕೊಂಡಿದ್ದೆ. ಅಸರ್‌ಗೆ ತಡವಾಗುತ್ತದೆಂದು ಹೊಂಡಗಳಲ್ಲಿ ನಿಧಾನಿಸಲೂ ಇಲ್ಲ. ಬೈಕು ಎದ್ದು ಬಿದ್ದಾಗಲೆಲ್ಲ ಆ ಪಟ್ಟಿ ಹಿಡಿಯನ್ನು ಕೆಳಕ್ಕೆ ಜಗ್ಗಿದೆ. ಯಂತ್ರ ಬೀಳಲಿಲ್ಲ, ಒಳಗೆ ಬಾಗಿತು. ಶನಿವಾರ ಆ ಹುಡುಗ ಬೆರಳಿನಿಂದ ತಿರುಗಿಸಿದ್ದು ಆಗಲೇ ಕೆಟ್ಟಿದ್ದ ಯಂತ್ರವನ್ನು.

ನಾನು ಬಹಳ ಹೊತ್ತು ಮಾತಾಡಲಿಲ್ಲ. ಅಳಿಯನೂ ಏನೂ ಹೇಳಲಿಲ್ಲ. ಟ್ಯೂಬಿನ ಪಟ್ಟಿ ತಂದು ಕಪ್ಪು ಗೆರೆಯ ಪಕ್ಕಕ್ಕೆ ಹಿಡಿದು ಅಗಲ ನೋಡಿದ, ನನ್ನ ಮುಖ ನೋಡಲಿಲ್ಲ. ಊಹೆಗಳಿಂದ ದೂರವಿರಬೇಕೆಂದು ಆಜ್ಞಾಪಿಸುವ ಹುಜುರಾತ್ ಅಧ್ಯಾಯದ 12ನೆಯ ಸೂಕ್ತಿಯ ಮೇಲೆ ನಾನೇ ಎಷ್ಟು ಸಲ ಬಯಾನ್ ಮಾಡಿದ್ದೇನೋ ಲೆಕ್ಕವಿಲ್ಲ. ದಾಸನ ಹಕ್ಕಿಗೆ ಧಕ್ಕೆ ತಂದರೆ ಆ ದಾಸನೇ ಕ್ಷಮಿಸಬೇಕೆಂದು ಮಕ್ಕಳಿಗೆ ಕಲಿಸಿದವನೂ ನಾನೇ. ಆ ದಾಸ ನಮ್ಮ ಕೈಕೆಳಗಿನ ಹನ್ನೊಂದು ವರ್ಷದ ಹುಡುಗನೂ ಆಗಿರಬಹುದೆಂದು ಬಯಾನ್ ಮಾಡುವಾಗ ಹೊಳೆದಿರಲಿಲ್ಲ.

ಮಗ್ರಿಬ್ ನಂತರ ಅವರ ಮನೆಗೆ ಹೋದೆ. ತಾಯಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ದೀಪದ ಬೆಳಕಿನಲ್ಲಿ ಅಡಿಕೆ ಸುಲಿಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದು ಸೆರಗು ಸರಿಪಡಿಸಿಕೊಂಡು, "ಇವನು ಇನ್ನೇನು ಮಾಡಿದ ಹಜ್ರತ್? ಆ ಸಾಮಾನಿಗೆ ಎಷ್ಟಾಗುತ್ತದೆ ಹೇಳಿ, ಸುಲಿದ ದುಡ್ಡು ಬಂದಾಗ ಕೊಡುತ್ತೇನೆ" ಎಂದರು. ಹಾಗಾದರೆ ಇಷ್ಟು ದಿನ ಆ ಮನೆಯಲ್ಲಿ ನಡೆದದ್ದು ಈ ಲೆಕ್ಕವೇ. "ತಪ್ಪು ನನ್ನದು ತಂಗಿ, ನಾನೇ ಕೆಡಿಸಿದ್ದು" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಹುಡುಗನನ್ನು ಉಳಿಸಲು ಹೇಳುತ್ತಿದ್ದೇನೆಂದು ತಿಳಿದರು. ಒಳಗಿನ ಕತ್ತಲೆಯಲ್ಲಿ ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಮಕ್ತಬಿನಲ್ಲಿ ಹೇಗೆ ನಿಲ್ಲಿಸಿದ್ದೆನೋ ಹಾಗೆಯೇ.

ಮನೆಯಲ್ಲಿ ಗುಟ್ಟಾಗಿ ಕೇಳಿದ ಕ್ಷಮೆ ಸಾಲದಾಗಿತ್ತು. ಎಲ್ಲರ ಮುಂದೆ ಹೊರಿಸಿದ್ದನ್ನು ಎಲ್ಲರ ಮುಂದೆಯೇ ಇಳಿಸಬೇಕು. ಮರುದಿನ ಮಕ್ಕಳೆಲ್ಲ ಕುಳಿತ ಮೇಲೆ ಬಾಗಿದ ಸ್ಪಿಂಡಲನ್ನು ಗಾಜಿನ ಮೇಲೆ ಉರುಳಿಸಿ ತೋರಿಸಿದೆ. ಟ್ಯೂಬಿನ ಪಟ್ಟಿಯನ್ನೂ ತೋರಿಸಿದೆ. ಅವನ ಹೆಸರು ಹೇಳಿ, "ನೀನು ನಿಜ ಹೇಳಿದ್ದೆ, ನಾನು ಕೇಳಲಿಲ್ಲ, ನನ್ನನ್ನು ಮನ್ನಿಸು" ಎಂದೆ. ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಅವನು ತಲೆ ತಗ್ಗಿಸಿ, ಕಾಯಿದಾದ ಅಂಚನ್ನು ಮಡಚುತ್ತ, "ಸರಿ ಹಜ್ರತ್" ಎಂದ. ಕ್ಷಮಿಸಿದನೋ, ಉಸ್ತಾದನಿಗೆ ಬೇರೆ ಉತ್ತರ ಕೊಡಲು ಬಾರದೆ ಹಾಗೆಂದನೋ, ಇಂದಿಗೂ ಹೇಳಲಾರೆ.

ಬಾಗಿದ ಕಡ್ಡಿಯನ್ನು ಸುತ್ತಿಗೆಯಿಂದ ಎರಡೇಟಿನಲ್ಲಿ ನೇರ ಮಾಡಿಕೊಡುತ್ತೇನೆಂದು ವೆಲ್ಡಿಂಗ್ ಅಂಗಡಿಯವರು ಹೇಳಿದ್ದರು. ಅಳಿಯ ಒಪ್ಪಲಿಲ್ಲ. ಒಮ್ಮೆ ಬಾಗಿದ ಉಕ್ಕು ಕಣ್ಣಿಗೆ ನೇರವಾದರೂ ಒಳಗೆ ಬಲ ಕಳೆದುಕೊಂಡಿರುತ್ತದೆ, ಅದನ್ನು ಎಸೆದು ಹೊಸದನ್ನೇ ಹಾಕಬೇಕು. ಕೊರಿಯರಿನಲ್ಲಿ ಬಂದ ಹೊಸ ಸ್ಪಿಂಡಲನ್ನು ಹಾಕುವ ಮುನ್ನ ಅದನ್ನೂ ಗಾಜಿನ ಮೇಲೆ ಉರುಳಿಸಿ ನೋಡಿದ. ಹೊಸದು ಎಂಬ ಮಾತ್ರಕ್ಕೆ ನಂಬುವ ಹಾಗಿಲ್ಲವಂತೆ. ತಿರುಪುಗಳಿಗೆ ಸಡಿಲವಾಗದಂತೆ ತಡೆಯುವ ನೀಲಿ ದ್ರವದ ಒಂದೊಂದು ಹನಿ ಹಾಕಿ ಬಿಗಿದ.

ಅಂದು ಸಂಜೆ ಗದ್ದೆಗೆ ಹೋದಾಗ ಆ ಹುಡುಗನನ್ನೂ ಕರೆದುಕೊಂಡು ಹೋದೆವು. ಮಾದರಿಯನ್ನು ಈ ಸಲ ಅಳಿಯ ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದೇ ಬಂದ. ಮಣ್ಣಿನ ಗೋಡೆಯೊಂದರ ಹಿಂದೆ ಹುಡುಗನನ್ನು ನನ್ನ ಪಕ್ಕದಲ್ಲಿ ಕೂರಿಸಿ, ಕೆಂಪು ಗೆರೆ ಮೇಲಿದೆಯೋ ಕೆಳಗಿದೆಯೋ ನೋಡಿ ಹೇಳುವ ಕೆಲಸ ಕೊಟ್ಟೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಎರಡೂ ಒಂದೇ ಹಜ್ರತ್" ಎಂದ. ನಾನು ಅಳಿಯನಿಗೆ ಕೈ ಎತ್ತಿ ತೋರಿಸಬೇಕೆನ್ನುವಷ್ಟರಲ್ಲಿ ತೋಳು ಹಿಡಿದು ನಿಲ್ಲಿಸಿದ. "ಆದರೆ ಬಾಲದ ತುದಿ ಸ್ವಲ್ಪ ಮಸುಕು ಕಾಣುತ್ತಿದೆ."

ನನಗೆ ಕಾಣಲಿಲ್ಲ. ಅಳಿಯನಿಗೂ ಕಾಣಲಿಲ್ಲ. ಆದರೂ ಮೋಟಾರು ನಿಲ್ಲಿಸಿ, ಬ್ಯಾಟರಿಯ ತಂತಿ ಕಳಚಿ, ಬಾಲದ ರೆಕ್ಕೆಗಳನ್ನು ಬಿಚ್ಚಲು ಮೂವರೂ ಗದ್ದೆಯ ಬದುವಿನ ಮೇಲೆ ಕುಳಿತೆವು.